ತೋಟದ ಟ್ರ್ಯಾಕ್ಟರಿನ ‘ಸೆಲ್ಫ್’ ತಿರುಗದಿದ್ದಾಗ

ಯಂತ್ರವು ಸುಗಮವಾಗಿ ನಡೆಯುತ್ತಿರುವವರೆಗೆ ಅದರ ಒಳಗಿನ ವ್ಯವಸ್ಥೆಯನ್ನು ಕುರಿತು ಆಲೋಚಿಸುವವರು ವಿರಳ. ಅದು ನಿಂತ ಕ್ಷಣದಿಂದ ಬೇರೆ ಆಲೋಚನೆಯೇ ಇರುವುದಿಲ್ಲ. ತೋಟದ ಕೆಲಸಕ್ಕೆಂದು ಕೊಂಡ ಸಣ್ಣ ಟ್ರ್ಯಾಕ್ಟರಿನ ಬೀಗದ ಕೈಯನ್ನು ತಿರುಗಿಸಿದಾಗ ಎಂಜಿನು ಮಿಸುಕದೆ ಹೋದರೆ ಅಂದಿನ ಉಳುಮೆ ನಿಲ್ಲುತ್ತದೆ. ಔಷಧ ಸಿಂಪಡಿಸುವ ಹೊತ್ತು ಮೀರುತ್ತದೆ. ಕರೆಸಿದ ಆಳುಗಳು ಕೈಕಟ್ಟಿ ಕೂಡಬೇಕಾಗುತ್ತದೆ. ಇಂತಹ ಸಮಯದಲ್ಲಿ ಮೊದಲು ಕೇಳಿಬರುವ ಮಾತೆಂದರೆ, “ಸೆಲ್ಫ್ ಹೋಗಿದೆ, ಹೊಸದು ಹಾಕಿಸಿ” ಎಂಬುದು. ಹೊಸದನ್ನು ಹಾಕಿಸಿದ ಮೇಲೂ ಎಂಜಿನು ತಿರುಗದೆ, ಮಾಲೀಕನು ಹಣವನ್ನೂ ದಿನವನ್ನೂ ಕಳೆದುಕೊಂಡು ನಿಲ್ಲುವ ಸಂದರ್ಭಗಳು ಕಡಮೆಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಸ್ಟಾರ್ಟರ್ ತಿರುಗದಿರುವುದು ರೋಗದ ಲಕ್ಷಣವೇ ಹೊರತು ರೋಗವಲ್ಲ. ಬ್ಯಾಟರಿಯಿಂದ ಎಂಜಿನಿನವರೆಗೆ ವಿದ್ಯುತ್ತು ನಡೆದುಹೋಗುವ ದಾರಿಯೊಂದಿದೆ. ಆ ದಾರಿಯಲ್ಲಿರುವ ಬೆಲೆಬಾಳುವ ಭಾಗಗಳು ಕೆಡುವುದಕ್ಕಿಂತ, ಅವುಗಳನ್ನು ಕೂಡಿಸುವ ಅಗ್ಗದ ಬೆಸುಗೆ, ಹಿಡಿಕೆ, ತಿರುಪುಗಳು ಕೆಡುವುದೇ ಹೆಚ್ಚು. ಆದುದರಿಂದ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಪರೀಕ್ಷಿಸುವುದನ್ನು ತಿಳಿದವನಿಗೆ ದೋಷವು ಬಹುಕಾಲ ಅಡಗಿರಲಾರದು.

ಹಿನ್ನೆಲೆ

ಒಳದಹನ ಎಂಜಿನು ತನ್ನಷ್ಟಕ್ಕೆ ತಾನೇ ಹೊರಡಲಾರದು. ಹೊರಗಿನ ಶಕ್ತಿಯೊಂದು ಅದನ್ನು ಕೆಲವು ಸುತ್ತು ತಿರುಗಿಸಿ, ಗಾಳಿಯನ್ನೂ ಇಂಧನವನ್ನೂ ಒಳಗೆಳೆದು ಒತ್ತುವಂತೆ ಮಾಡಬೇಕು. ಮೊದಲಿನ ಮೋಟಾರು ವಾಹನಗಳಲ್ಲಿ ಈ ಕೆಲಸವು ಕೈಹಿಡಿಯ ಸಲಾಕೆಯಿಂದ ನಡೆಯುತ್ತಿತ್ತು. ಎಂಜಿನು ಅಕಾಲದಲ್ಲಿ ಹೊತ್ತಿಕೊಂಡು ಹಿಂದಕ್ಕೆ ಒದೆದರೆ, ಸಲಾಕೆಯು ತಿರುಗಿಸುವವನ ಮಣಿಕಟ್ಟನ್ನೇ ಮುರಿಯುತ್ತಿತ್ತು. ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲಾಕ್ ಸಂಸ್ಥೆಯು ತನ್ನ 1912ರ ಮಾದರಿಯ ಕಾರುಗಳಲ್ಲಿ ಅಳವಡಿಸಿತು. ಅದಕ್ಕೂ ಮೊದಲು ಕೆಟರಿಂಗ್ ಅಂಗಡಿಗಳ ಹಣದ ಲೆಕ್ಕದ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದ್ದನು. ಕೆಲವೇ ಕ್ಷಣ ದುಡಿದು ವಿಶ್ರಮಿಸುವ ಮೋಟಾರು ಗಾತ್ರದಲ್ಲಿ ಚಿಕ್ಕದಾಗಿದ್ದರೂ ಆ ಕ್ಷಣಗಳಲ್ಲಿ ತನ್ನ ಅಳತೆಗೆ ಮೀರಿದ ಬಲವನ್ನು ಕೊಡಬಲ್ಲದು ಎಂಬ ಅರಿವೇ ಸ್ಟಾರ್ಟರಿನ ಮೂಲ. ಅದರ ದೌರ್ಬಲ್ಯಕ್ಕೂ ಇದೇ ಮೂಲ. ಅಲ್ಪಕಾಲಕ್ಕೆಂದು ನಿರ್ಮಿತವಾದುದನ್ನು ದೀರ್ಘಕಾಲ ದುಡಿಸಿದರೆ ಅದು ಸುಟ್ಟುಹೋಗುತ್ತದೆ.

ಅಮೆರಿಕದಲ್ಲಿ ಮನೆಯ ಹುಲ್ಲುಹಾಸು ಮತ್ತು ಕೈತೋಟಗಳಿಗೆಂದೇ ಸಣ್ಣ ಟ್ರ್ಯಾಕ್ಟರುಗಳು ಬಳಕೆಗೆ ಬಂದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ‘ಕಬ್ ಕೆಡೆಟ್’ 1961ರಲ್ಲಿಯೂ, ಜಾನ್ ಡೀರ್ ಸಂಸ್ಥೆಯ ‘110’ 1963ರಲ್ಲಿಯೂ ಹೊರಬಂದವು. ಇವು ಪೆಟ್ರೋಲಿನವು. ಕರ್ನಾಟಕದಲ್ಲಿ, ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ 1967ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಪವರ್ ಟಿಲ್ಲರುಗಳನ್ನೂ ತರುವಾಯ ಸಣ್ಣ ಟ್ರ್ಯಾಕ್ಟರುಗಳನ್ನೂ ತಯಾರಿಸಿತು. ಇಲ್ಲಿಯ ಅಡಕೆ, ದ್ರಾಕ್ಷಿ, ದಾಳಿಂಬೆ ತೋಟಗಳ ಸಾಲುಗಳ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ ಡೀಸೆಲ್ಲಿನವು. ಇಂಧನ ಬೇರೆಯಾದರೂ 12 ವೋಲ್ಟಿನ ಬ್ಯಾಟರಿ, ಸೊಲೆನಾಯ್ಡ್, ಸ್ಟಾರ್ಟರ್ ಮೋಟಾರು ಎಂಬ ಮೂಲ ವ್ಯವಸ್ಥೆ ಎರಡರಲ್ಲಿಯೂ ಒಂದೇ. ಆದುದರಿಂದ ಪರೀಕ್ಷೆಯ ಕ್ರಮವೂ ಒಂದೇ.

ಎರಡು ದಾರಿಗಳು

ಸ್ಟಾರ್ಟರಿನ ವ್ಯವಸ್ಥೆಯಲ್ಲಿ ವಿದ್ಯುತ್ತಿಗೆ ಎರಡು ದಾರಿಗಳಿವೆ. ಮೊದಲನೆಯದು ಹೆದ್ದಾರಿ. ಬ್ಯಾಟರಿಯ ಧನಾಗ್ರದಿಂದ ಹೊರಟ ದಪ್ಪ ಕೇಬಲ್ಲು ಸೊಲೆನಾಯ್ಡಿನ ಮೂಲಕ ಮೋಟಾರನ್ನು ಸೇರುತ್ತದೆ. ಮೋಟಾರಿನ ಕವಚ, ಎಂಜಿನಿನ ಮೈ, ಚಾಸಿಗಳ ಮೂಲಕ ಸಾಗಿದ ಪ್ರವಾಹವು ‘ಅರ್ಥ್’ ಕೇಬಲ್ಲಿನಿಂದ ಋಣಾಗ್ರಕ್ಕೆ ಮರಳುತ್ತದೆ. ಸಣ್ಣ ಪೆಟ್ರೋಲ್ ಟ್ರ್ಯಾಕ್ಟರಿನಲ್ಲಿಯೂ ಎಂಜಿನು ತಿರುಗುವಾಗ ಈ ದಾರಿಯಲ್ಲಿ ಸುಮಾರು 100 ಆಂಪಿಯರ್ ಪ್ರವಾಹ ಹರಿಯಬಹುದು. 12 ವೋಲ್ಟಿನಲ್ಲಿ ಅದು 1200 ವಾಟ್, ಎಂದರೆ ಒಂದೂವರೆ ಅಶ್ವಶಕ್ತಿಗಿಂತ ಅಧಿಕ. ಡೀಸೆಲ್ ಎಂಜಿನು ಇದಕ್ಕಿಂತಲೂ ಹೆಚ್ಚಿನದನ್ನು ಬೇಡುತ್ತದೆ.

ಎರಡನೆಯದು ಕಾಲುದಾರಿ. ಬೀಗದ ಕೈಯ ಸ್ವಿಚ್ಚಿನ ಮೂಲಕ ತೆಳುವಾದ ತಂತಿಯಲ್ಲಿ ಕೆಲವೇ ಆಂಪಿಯರುಗಳು ಹರಿದು ಸೊಲೆನಾಯ್ಡಿನ ಸುರುಳಿಯನ್ನು ತಲುಪುತ್ತವೆ. ಸುರುಳಿಯು ಆಗ ಅಯಸ್ಕಾಂತವಾಗಿ ಕಬ್ಬಿಣದ ದಂಡವೊಂದನ್ನು ಸೆಳೆಯುತ್ತದೆ. ದಂಡವು ಸರಿದಾಗ ಹೆದ್ದಾರಿಯ ತಾಮ್ರದ ಸಂಪರ್ಕಗಳು ಕೂಡಿಕೊಳ್ಳುತ್ತವೆ. ಕೇಳಿಬರುವ ‘ಟಕ್’ ಎಂಬ ಸದ್ದು ಇದರದೇ. ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಸೊಲೆನಾಯ್ಡು ಸಾಮಾನ್ಯವಾಗಿ ಮೋಟಾರಿನ ಬೆನ್ನಮೇಲೆಯೇ ಇದ್ದು, ಚಿಕ್ಕ ಹಲ್ಲುಚಕ್ರವನ್ನು ಮುಂದೂಡಿ ಫ್ಲೈವೀಲಿನ ಹಲ್ಲುಗಳಿಗೆ ಕೂಡಿಸುವ ಕೆಲಸವನ್ನೂ ಮಾಡುತ್ತದೆ. ಅಮೆರಿಕದ ಅನೇಕ ತೋಟದ ಟ್ರ್ಯಾಕ್ಟರುಗಳಲ್ಲಿ ಅದು ಪ್ರತ್ಯೇಕವಾಗಿ ಚಾಸಿಯ ಮೇಲಿರುತ್ತದೆ. ಅಲ್ಲಿ ಮೋಟಾರು ತಿರುಗಿದ ರಭಸಕ್ಕೆ ಹಲ್ಲುಚಕ್ರವು ತಾನಾಗಿಯೇ ಮುಂದೆ ಸರಿಯುತ್ತದೆ.

ಈ ಕಾಲುದಾರಿಯಲ್ಲಿ ಕಾವಲುಗಾರರಂತಿರುವ ಸುರಕ್ಷತಾ ಸ್ವಿಚ್ಚುಗಳೂ ಇವೆ. ಕ್ಲಚ್ಚು ಅಥವಾ ಬ್ರೇಕನ್ನು ಒತ್ತದಿದ್ದರೆ, ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ, ಹುಲ್ಲು ಕತ್ತರಿಸುವ ಅಲಗು ಚಾಲನೆಯಲ್ಲಿದ್ದರೆ ಅವು ಪ್ರವಾಹವನ್ನು ತಡೆಯುತ್ತವೆ. ಯಾವ ಟ್ರ್ಯಾಕ್ಟರಿನಲ್ಲಿ ಯಾವ ಸ್ವಿಚ್ಚುಗಳಿವೆ ಎಂಬುದನ್ನು ಅದರ ಕೈಪಿಡಿಯಿಂದ ತಿಳಿಯಬೇಕು. ಎಷ್ಟೋ ವೇಳೆ ದೋಷವೆಂದು ತಿಳಿದದ್ದು ದೋಷವೇ ಆಗಿರದೆ, ಕ್ಲಚ್ಚನ್ನು ಪೂರ್ತಿಯಾಗಿ ಒತ್ತದಿರುವುದಷ್ಟೇ ಆಗಿರುತ್ತದೆ.

ಕೆರೆ ತುಂಬಿದ್ದರೂ ಗದ್ದೆ ಒಣಗುವ ಬಗೆ

“ದೀಪ ಚೆನ್ನಾಗಿ ಉರಿಯುತ್ತಿದೆ, ಹಾರನ್ನು ಕೂಗುತ್ತಿದೆ, ಬ್ಯಾಟರಿ ಸರಿಯಾಗಿಯೇ ಇದೆ, ಹೋಗಿರುವುದು ಸೆಲ್ಫೇ” ಎಂಬ ತರ್ಕವು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವು ತೋರಿಸಿಕೊಡುತ್ತದೆ. ರೋಧವೊಂದರಲ್ಲಿ ನಷ್ಟವಾಗುವ ವೋಲ್ಟೇಜು, ಹರಿಯುವ ಪ್ರವಾಹವನ್ನೂ ಆ ರೋಧವನ್ನೂ ಗುಣಿಸಿದಷ್ಟು.

ಬ್ಯಾಟರಿಯ ಹಿಡಿಕೆಯ ಒಳಗೆ ಕಿಲುಬು ಕಟ್ಟಿ 0.05 ಓಮಿನಷ್ಟು ರೋಧವುಂಟಾಗಿದೆ ಎಂದು ಭಾವಿಸೋಣ. 48 ವಾಟಿನ ದೀಪಕ್ಕೆ ಬೇಕಾದುದು 4 ಆಂಪಿಯರ್. ಆಗ ನಷ್ಟವಾಗುವುದು 0.2 ವೋಲ್ಟು ಮಾತ್ರ. ಬೆಳಕಿನಲ್ಲಿ ಆಗುವ ಈ ವ್ಯತ್ಯಾಸ ಕಣ್ಣಿಗೆ ಕಾಣದು. ಆದರೆ ಅದೇ ಹಿಡಿಕೆಯ ಮೂಲಕ 100 ಆಂಪಿಯರ್ ಹರಿಯಬೇಕಾದರೆ 5 ವೋಲ್ಟು ಅಲ್ಲಿಯೇ ವ್ಯಯವಾಗಿ, ಮೋಟಾರಿಗೆ ಉಳಿಯುವುದು 7 ವೋಲ್ಟಿನಷ್ಟು. ಅಷ್ಟರಿಂದ ಎಂಜಿನನ್ನು ತಿರುಗಿಸುವ ಬಲ ಅದಕ್ಕೆ ಬರುವುದಿಲ್ಲ.

ಕೆರೆ ತುಂಬಿದ್ದರೂ ತೂಬಿನಲ್ಲಿ ಹೂಳು ಕಟ್ಟಿದ್ದರೆ ಕೊಡ ತುಂಬುವಷ್ಟು ನೀರು ಜಿನುಗೀತು. ಗದ್ದೆ ತುಂಬುವಷ್ಟು ಹರಿಯದು. ಕೊಡ ತುಂಬಿತೆಂದು ತೂಬು ನಿರ್ಮಲವಾಗಿದೆ ಎನ್ನಲಾಗದು. ಅದರಂತೆಯೇ ವಿದ್ಯುತ್ತಿನ ದಾರಿಯನ್ನು ಅದು ಭಾರವನ್ನು ಹೊತ್ತಿರುವಾಗಲೇ ಪರೀಕ್ಷಿಸಬೇಕು. ಸುಮ್ಮನಿರುವ ಬ್ಯಾಟರಿಯ ಮೇಲೆ ಮೀಟರನ್ನಿಟ್ಟು 12 ವೋಲ್ಟು ಕಂಡೊಡನೆ ತೃಪ್ತಿಪಡುವವನು ಅರ್ಧ ಪರೀಕ್ಷೆಯನ್ನು ಮಾತ್ರ ಮಾಡಿದಂತೆ.

ಸದ್ದಿನಿಂದ ದೊರೆಯುವ ಸುಳಿವು

ಕೈಯಲ್ಲಿ ಮೀಟರನ್ನು ಹಿಡಿಯುವ ಮುನ್ನವೇ ಕಿವಿಯಿಂದ ಬಹಳಷ್ಟನ್ನು ತಿಳಿಯಬಹುದು.

ಯಾವ ಸದ್ದೂ ಇಲ್ಲದಿದ್ದರೆ, ಬ್ಯಾಟರಿ ಪೂರ್ತಿ ಬರಿದಾಗಿದೆ, ಇಲ್ಲವೆ ಕಾಲುದಾರಿ ಎಲ್ಲಿಯೋ ಕಡಿದಿದೆ: ಫ್ಯೂಸು, ಬೀಗದ ಸ್ವಿಚ್ಚು, ಸುರಕ್ಷತಾ ಸ್ವಿಚ್ಚು, ಸೊಲೆನಾಯ್ಡಿನ ಸುರುಳಿ ಇವುಗಳಲ್ಲೊಂದನ್ನು ಶಂಕಿಸಬೇಕು.

‘ಟಕ್’ ಎಂದು ಒಂದೇ ಸದ್ದು ಬಂದು ನಿಂತರೆ, ಕಾಲುದಾರಿ ಸರಿಯಾಗಿದೆ. ಅಡಚಣೆ ಇರುವುದು ಹೆದ್ದಾರಿಯಲ್ಲಿ. ಸೊಲೆನಾಯ್ಡಿನ ಸಂಪರ್ಕಗಳು ಸುಟ್ಟಿರಬಹುದು, ಹಿಡಿಕೆ ಸಡಿಲವಾಗಿರಬಹುದು, ಮೋಟಾರು ಹಿಡಿದುಕೊಂಡಿರಬಹುದು, ಎಂಜಿನೇ ಬಿಗಿದಿರಬಹುದು.

‘ಟಕಟಕಟಕ’ ಎಂದು ಎಡೆಬಿಡದೆ ಸದ್ದಾದರೆ ಬಹುಪಾಲು ಬ್ಯಾಟರಿ ದುರ್ಬಲವಾಗಿದೆ ಎಂದರ್ಥ. ಸೊಲೆನಾಯ್ಡು ಕೂಡಿದೊಡನೆ ಮೋಟಾರು ಪ್ರವಾಹವನ್ನೆಲ್ಲ ಸೆಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ, ಸುರುಳಿಗೆ ದಂಡವನ್ನು ಹಿಡಿದಿಡುವ ಶಕ್ತಿ ಸಾಲದೆ ಸಂಪರ್ಕ ಬಿಟ್ಟುಹೋಗುತ್ತದೆ. ಬಿಟ್ಟೊಡನೆ ವೋಲ್ಟೇಜು ಚೇತರಿಸಿಕೊಂಡು ಮತ್ತೆ ಕೂಡುತ್ತದೆ. ಈ ಕೂಡುವಿಕೆ ಬಿಡುವಿಕೆಗಳೇ ಆ ಸದ್ದು.

ಮೋಟಾರು ‘ಗುಂಯ್’ ಎಂದು ವೇಗವಾಗಿ ತಿರುಗಿಯೂ ಎಂಜಿನು ಅಲುಗದಿದ್ದರೆ, ವಿದ್ಯುತ್ತಿನಲ್ಲಿ ದೋಷವಿಲ್ಲ. ಹಲ್ಲುಚಕ್ರವು ಮುಂದೆ ಸರಿಯುತ್ತಿಲ್ಲ ಅಥವಾ ಹಲ್ಲುಗಳು ಸವೆದಿವೆ.

ಮೊದಲು ಸುರಕ್ಷತೆ

ದೋಷಶೋಧನೆಯಲ್ಲಿ ಹಾನಿಯಾಗುವುದು ಹಣಕ್ಕೆ ಮಾತ್ರವಲ್ಲ. ಸೊಲೆನಾಯ್ಡಿನ ಎರಡು ದೊಡ್ಡ ತುದಿಗಳಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ಇಟ್ಟು ಎಂಜಿನನ್ನು ಹೊರಡಿಸುವ ರೂಢಿ ಅನೇಕ ಕಡೆಗಳಲ್ಲಿದೆ. ಇದರಿಂದ ಸುರಕ್ಷತಾ ಸ್ವಿಚ್ಚುಗಳೆಲ್ಲವೂ ನಿರರ್ಥಕವಾಗುತ್ತವೆ. ಹೀಗೆ ಮಾಡುವವನು ಆಸನದಲ್ಲಿರುವುದಿಲ್ಲ. ನೆಲದ ಮೇಲೆ, ಹಿಂದಿನ ಗಾಲಿಯ ಮುಂದೆ ಬಾಗಿ ನಿಂತಿರುತ್ತಾನೆ. ಟ್ರ್ಯಾಕ್ಟರು ಗೇರಿನಲ್ಲಿದ್ದರೆ ಎಂಜಿನು ಹೊತ್ತಿಕೊಂಡ ಕ್ಷಣವೇ ಅದು ಮುನ್ನುಗ್ಗಿ ಅವನ ಮೇಲೆ ಹರಿಯುತ್ತದೆ. ಸರಿದು ನಿಲ್ಲಲು ಸಮಯವೇ ದೊರೆಯುವುದಿಲ್ಲ. ಅಮೆರಿಕದ ಕೃಷಿ ಸುರಕ್ಷತಾ ದಾಖಲೆಗಳಲ್ಲಿ ಈ ಬಗೆಯ ಸಾವುಗಳು ಮತ್ತೆ ಮತ್ತೆ ನಮೂದಾಗಿವೆ. ಆಸನದಲ್ಲಿ ಕುಳಿತೇ ಎಂಜಿನನ್ನು ಹೊರಡಿಸಬೇಕೆಂಬ ಎಚ್ಚರಿಕೆಯ ಚೀಟಿಯನ್ನು ತಯಾರಕರು ಸ್ಟಾರ್ಟರಿನ ಬಳಿಯೇ ಅಂಟಿಸುವುದು ಇದಕ್ಕಾಗಿ. ಕೆಟ್ಟುಹೋದ ಸುರಕ್ಷತಾ ಸ್ವಿಚ್ಚಿಗೆ ತಂತಿ ಸುತ್ತಿ ಅದನ್ನು ಮರೆಯುವುದೂ ಇದೇ ಅಪಾಯವನ್ನು ಮನೆಗೆ ತಂದುಕೊಂಡಂತೆ; ಮುಂದೊಂದು ದಿನ ಆ ಟ್ರ್ಯಾಕ್ಟರನ್ನು ಏರುವವನು ವಿಷಯವನ್ನರಿಯದ ಹುಡುಗನೇ ಆಗಿರಬಹುದು.

ಆದುದರಿಂದ ಪರೀಕ್ಷೆಗೆ ಮುನ್ನ ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕನ್ನು ಬಿಗಿಯಬೇಕು. ಎಂಜಿನು ಹೊತ್ತಿಕೊಳ್ಳದಂತೆ ಪೆಟ್ರೋಲ್ ಎಂಜಿನಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಬಿಡಿಸಿ ಎಂಜಿನಿನ ಮೈಗೆ ತಗುಲಿಸಬೇಕು. ಡೀಸೆಲ್ಲಿನದಾದರೆ ನಿಲುಗಡೆಯ ಹಿಡಿಯನ್ನು ಎಳೆದಿಡಬೇಕು. ಬ್ಯಾಟರಿಯಿಂದ ಹೊರಬರುವ ಜಲಜನಕ ಅನಿಲವು ಕಿಡಿ ತಾಗಿದರೆ ಸಿಡಿಯುವುದರಿಂದ ಬೀಡಿ, ಬೆಂಕಿಕಡ್ಡಿಗಳು ದೂರವಿರಲಿ. ಉಂಗುರ, ಕೈಗಡಿಯಾರಗಳನ್ನು ತೆಗೆದಿಡಬೇಕು. ಕೇಬಲ್ಲುಗಳನ್ನು ಬಿಚ್ಚುವಾಗ ಋಣಾಗ್ರವನ್ನು ಮೊದಲು ಬಿಚ್ಚಿ, ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಋಣಾಗ್ರವು ಚಾಸಿಗೆ ಕೂಡಿರುವಾಗ ಧನಾಗ್ರವನ್ನು ಬಿಚ್ಚುವ ಸ್ಪಾನರು ಚಾಸಿಗೆ ತಗುಲಿದರೆ ಬ್ಯಾಟರಿಯ ಪ್ರವಾಹವೆಲ್ಲ ಆ ಸ್ಪಾನರಿನ ಮೂಲಕವೇ ಹರಿಯುತ್ತದೆ ಎಂಬುದೇ ಈ ನಿಯಮಕ್ಕೆ ಕಾರಣ.

ಪರೀಕ್ಷೆಯ ಕ್ರಮ

ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಸಾಮಾನ್ಯ ಮಲ್ಟಿಮೀಟರೊಂದು ಈ ಕೆಲಸಕ್ಕೆ ಸಾಕು. ಬೀಗದ ಕೈಯನ್ನು ತಿರುಗಿಸಲು ಒಬ್ಬನು ಆಸನದಲ್ಲಿರಬೇಕು. ಮೀಟರನ್ನು ನೋಡುವವನು ಗಾಲಿಯ ದಾರಿಯಲ್ಲಿ ನಿಲ್ಲಬಾರದು. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಕೈಯನ್ನು ತಿರುಗಿಸಿ ಹಿಡಿಯಬಾರದು. ನಡುವೆ ಮೋಟಾರು ತಣಿಯಲು ಬಿಡುವು ಕೊಡಬೇಕು.

ಮೊದಲ ಹೆಜ್ಜೆ ಬ್ಯಾಟರಿ. ಕೆಲವು ಗಂಟೆಗಳ ಕಾಲ ಸುಮ್ಮನಿದ್ದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟಿದ್ದರೆ ಅದು ತುಂಬಿದೆ, 12.2 ಇದ್ದರೆ ಅರ್ಧದಷ್ಟಿದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಕಡಮೆಯಿದ್ದರೆ ಚಾರ್ಜು ಮಾಡಿಸಿಯೇ ಮುಂದುವರಿಯತಕ್ಕದ್ದು. ಅನಂತರ ಮೀಟರನ್ನು ಬ್ಯಾಟರಿಯ ಮೇಲೆಯೇ ಇಟ್ಟು ಬೀಗದ ಕೈಯನ್ನು ತಿರುಗಿಸಿ ನೋಡಬೇಕು. ಇಲ್ಲಿ ದೊರೆಯುವ ಉತ್ತರ ಮೂರು ಬಗೆ. ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಶಕ್ತಿ ಉಡುಗಿದೆ, ಇಲ್ಲವೆ ಬಿಗಿದುಕೊಂಡ ಮೋಟಾರು ಅಥವಾ ಎಂಜಿನು ಮಿತಿಮೀರಿ ಪ್ರವಾಹವನ್ನು ಸೆಳೆಯುತ್ತಿದೆ. 12.6ರಿಂದ ಸ್ವಲ್ಪವೂ ಇಳಿಯದಿದ್ದರೆ ಹೆದ್ದಾರಿಯಲ್ಲಿ ಪ್ರವಾಹವೇ ಹರಿಯುತ್ತಿಲ್ಲ. ದಾರಿ ಎಲ್ಲಿಯೋ ಕಡಿದಿದೆ. ಕೊಂಚ ಮಾತ್ರ ಇಳಿದು ಮೋಟಾರು ನಿಧಾನವಾಗಿ ನರಳಿದರೆ ದಾರಿಯಲ್ಲಿ ರೋಧ ಸೇರಿಕೊಂಡಿದೆ. ಈ ಒಂದು ಪರೀಕ್ಷೆಯಿಂದಲೇ ಶೋಧನೆಯ ದಿಕ್ಕು ನಿಶ್ಚಯವಾಗುತ್ತದೆ.

ಎರಡನೆಯ ಹೆಜ್ಜೆ ಕೇಬಲ್ಲು ಮತ್ತು ಸಂಧಿಗಳು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನಾಗ್ರದ ಸೀಸದ ಕಂಬದ ಮೇಲೆ, ಇನ್ನೊಂದನ್ನು ಸ್ಟಾರ್ಟರ್ ಮೋಟಾರಿನ ದೊಡ್ಡ ತುದಿಯ ಮೇಲೆ ಇಟ್ಟು ಬೀಗದ ಕೈಯನ್ನು ತಿರುಗಿಸಬೇಕು. ಆಗ ಕಾಣುವ ವೋಲ್ಟೇಜು ದಾರಿಯಲ್ಲಿ ಕಳೆದುಹೋದದ್ದು. ಅದು ಅರ್ಧ ವೋಲ್ಟನ್ನು ಮೀರಬಾರದು. ಅದೇ ರೀತಿ ಋಣಾಗ್ರದ ಕಂಬಕ್ಕೂ ಮೋಟಾರಿನ ಲೋಹದ ಕವಚಕ್ಕೂ ನಡುವೆ ನೋಡಿದರೆ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚಿರಬಾರದು. ಮೊನೆಯನ್ನು ಹಿಡಿಕೆಯ ಮೇಲಿಡದೆ ಕಂಬದ ಮೇಲೆಯೇ ಇಡಬೇಕೆಂಬುದು ಮುಖ್ಯ. ಏಕೆಂದರೆ ಕಂಬಕ್ಕೂ ಹಿಡಿಕೆಗೂ ನಡುವಣ ಕಿಲುಬೇ ಅನೇಕ ಸಲ ಅಪರಾಧಿ. ಬಹುಮಂದಿ ಮರೆಯುವುದು ‘ಅರ್ಥ್’ ಕೇಬಲ್ಲನ್ನು. ಬಣ್ಣ ಬಳಿದ ಚಾಸಿಯ ಮೇಲೆ ತಿರುಪಿನಿಂದ ಬಿಗಿದ ಆ ತುದಿಯಲ್ಲಿ ತುಕ್ಕು, ಗೊಬ್ಬರದ ಪುಡಿ, ಮಳೆನೀರು ಸೇರಿ ಸಂಪರ್ಕವು ಕೆಡುತ್ತದೆ.

ಮೂರನೆಯ ಹೆಜ್ಜೆ ಕಾಲುದಾರಿ. ಬೀಗದ ಕೈಯನ್ನು ತಿರುಗಿಸಿದಾಗ ಸೊಲೆನಾಯ್ಡಿನ ಚಿಕ್ಕ ತುದಿಗೆ ಬ್ಯಾಟರಿಯ ಹತ್ತಿರ ಹತ್ತಿರದ ವೋಲ್ಟೇಜು ಬರಬೇಕು. ಬಾರದಿದ್ದರೆ ಫ್ಯೂಸಿನಿಂದ ಆರಂಭಿಸಿ, ಬೀಗದ ಸ್ವಿಚ್ಚು, ಕ್ಲಚ್ಚಿನ ಸ್ವಿಚ್ಚು, ಆಸನದ ಸ್ವಿಚ್ಚು ಹೀಗೆ ಒಂದೊಂದಾಗಿ ಮುಂದೆ ಸಾಗಬೇಕು. ವೋಲ್ಟೇಜು ಎಲ್ಲಿಯವರೆಗೆ ಇದ್ದು ಎಲ್ಲಿಂದ ಮುಂದೆ ಇಲ್ಲವೋ, ದೋಷವು ಆ ಎರಡರ ನಡುವೆ. ವೋಲ್ಟೇಜು ಬಂದೂ ‘ಟಕ್’ ಎನ್ನದಿದ್ದರೆ ಸುರುಳಿ ಸುಟ್ಟಿದೆ ಅಥವಾ ಸೊಲೆನಾಯ್ಡಿನ ಮೈಗೆ ಅರ್ಥ್ ಸಿಕ್ಕುತ್ತಿಲ್ಲ.

ನಾಲ್ಕನೆಯ ಹೆಜ್ಜೆ ಸೊಲೆನಾಯ್ಡಿನ ಸಂಪರ್ಕಗಳು. ಅದರ ಎರಡು ದೊಡ್ಡ ತುದಿಗಳ ನಡುವೆ ಮೀಟರನ್ನಿಟ್ಟರೆ ಸುಮ್ಮನಿರುವಾಗ 12 ವೋಲ್ಟಿನಷ್ಟು ತೋರಿಸುತ್ತದೆ. ‘ಟಕ್’ ಎಂದೊಡನೆ ಅದು ಸೊನ್ನೆಯ ಸಮೀಪಕ್ಕೆ ಇಳಿಯಬೇಕು. ಇಳಿಯದಿದ್ದರೆ ಒಳಗಿನ ತಾಮ್ರವು ಸುಟ್ಟು ಕರಿಹಿಡಿದಿದೆ.

ಇಷ್ಟೆಲ್ಲವೂ ಸರಿಯಿದ್ದು, ಕೈಯನ್ನು ತಿರುಗಿಸಿದಾಗ ಮೋಟಾರಿನ ತುದಿಗೂ ಅದರ ಕವಚಕ್ಕೂ ನಡುವೆ 10 ವೋಲ್ಟು ದೊರೆಯುತ್ತಿದ್ದು, ಆಗಲೂ ಮೋಟಾರು ತಿರುಗದಿದ್ದರೆ ಅದನ್ನು ಬಿಚ್ಚಬಹುದು. ಬಿಚ್ಚಿದಾಗಲೂ ಸವೆದ ಕಾರ್ಬನ್ ಬ್ರಷ್, ಕೊಳೆ ಹಿಡಿದ ಕಮ್ಯುಟೇಟರ್, ಸವೆದ ಬುಷ್ ಇವುಗಳೇ ಸಾಮಾನ್ಯವಾಗಿ ಕಾಣಸಿಗುವುದರಿಂದ, ಹೊಸ ಮೋಟಾರಿನ ಬೆಲೆಯ ಅಲ್ಪಭಾಗದಲ್ಲಿಯೇ ದುರಸ್ತಿ ಸಾಧ್ಯವಾಗುತ್ತದೆ.

ದೋಷವು ಎಂಜಿನಿನಲ್ಲಿಯೇ ಇರುವಾಗ

ಕೆಲವು ವೇಳೆ ಸ್ಟಾರ್ಟರು ನಿರಪರಾಧಿಯಾಗಿದ್ದು, ಅದು ಹೊರಬೇಕಾದ ಹೊರೆಯೇ ಅತಿಯಾಗಿರುತ್ತದೆ. ಬೀಗದ ಕೈಯನ್ನು ತೆಗೆದಿಟ್ಟು, ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿ, ಎಂಜಿನನ್ನು ಕೈಯಿಂದ ಅಥವಾ ಸ್ಪಾನರಿನಿಂದ ತಿರುಗಿಸಿ ನೋಡಿದರೆ ಇದು ತಿಳಿಯುತ್ತದೆ. ಅಮೆರಿಕದ ತೋಟದ ಟ್ರ್ಯಾಕ್ಟರುಗಳ ಪೆಟ್ರೋಲ್ ಎಂಜಿನುಗಳಲ್ಲಿ, ಹೊರಡುವಾಗ ಕವಾಟವೊಂದನ್ನು ಕೊಂಚ ತೆರೆದು ಒತ್ತಡವನ್ನು ಇಳಿಸುವ ಏರ್ಪಾಡಿರುತ್ತದೆ. ಕವಾಟಗಳ ಸಂದು ಹೆಚ್ಚಾದರೆ ಈ ಏರ್ಪಾಡು ಕೆಲಸ ಮಾಡದೆ, ಎಂಜಿನು ಅರ್ಧ ಸುತ್ತು ತಿರುಗಿ ತಟ್ಟನೆ ನಿಲ್ಲುತ್ತದೆ. ಬ್ಯಾಟರಿ ಸೋತಂತೆ ಕಾಣುತ್ತದೆ. ಸಂದನ್ನು ಕೈಪಿಡಿಯಲ್ಲಿ ಹೇಳಿದ ಅಳತೆಗೆ ತಂದರೆ ಹಳೆಯ ಸ್ಟಾರ್ಟರೇ ಸುಲಭವಾಗಿ ತಿರುಗಿಸುತ್ತದೆ. ಕಾರ್ಬ್ಯುರೇಟರಿನಿಂದ ಸೋರಿದ ಪೆಟ್ರೋಲು ಸಿಲಿಂಡರಿನಲ್ಲಿ ತುಂಬಿದ್ದರೂ ಪಿಸ್ಟನ್ನು ಮೇಲೇರದು. ದ್ರವವು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ. ಆಗ ಬಲವಂತ ಮಾಡದೆ ಪ್ಲಗ್ಗನ್ನು ಬಿಚ್ಚಿ ಪೆಟ್ರೋಲನ್ನು ಹೊರಹಾಕಬೇಕು. ಬೆರೆತುಹೋದ ಎಂಜಿನ್ ಎಣ್ಣೆಯನ್ನೂ ಬದಲಾಯಿಸಬೇಕು.

ಪಾಲನೆ

ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಬರಿದಾಗಿಯೇ ಉಳಿದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಮೊದಲಿನ ಶಕ್ತಿ ಮರಳುವುದಿಲ್ಲ. ಆದುದರಿಂದ ಕೆಲಸವಿಲ್ಲದ ದಿನಗಳಲ್ಲಿಯೂ ತಿಂಗಳಿಗೊಮ್ಮೆ ಚಾರ್ಜು ಮಾಡುವುದು ಲೇಸು. ಮುಚ್ಚಳ ತೆರೆಯುವ ಬಗೆಯದಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಹಿಡಿಕೆಗಳ ಮೇಲೆ ಬೆಳೆದ ಬಿಳಿಹಸಿರು ಕಿಲುಬನ್ನು ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ತೊಳೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲಿನ್ ಸವರಬೇಕು. ಚಾರ್ಜು ಮಾಡಿದ ಬ್ಯಾಟರಿ ಕೆಲವೇ ದಿನಗಳಲ್ಲಿ ಮತ್ತೆ ಇಳಿದರೆ, ಎಂಜಿನು ನಡೆಯುತ್ತಿರುವಾಗ ಅದರ ಮೇಲೆ ಸುಮಾರು 14 ವೋಲ್ಟು ಬರುತ್ತಿದೆಯೇ ಎಂದು ನೋಡಬೇಕು. ಬಾರದಿದ್ದರೆ ದೋಷವು ಚಾರ್ಜು ಮಾಡುವ ವ್ಯವಸ್ಥೆಯಲ್ಲಿದೆ.

ಶಾಲೆಯ ಕರಿಹಲಗೆಯ ಮೇಲೆ ಬರೆದು ಕಂಠಪಾಠ ಮಾಡಿಸುವ ಓಮನ ನಿಯಮವು ಹಳ್ಳಿಯ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನ ಕಿಲುಬು ಹಿಡಿದ ಹಿಡಿಕೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ಅಲ್ಲಿಯೇ ಮೀಟರಿನಲ್ಲಿ ತೋರಿಸಿಕೊಡುವ ಉಪಾಧ್ಯಾಯರು ಪಾಠವನ್ನೂ ಕಲಿಸಿದಂತಾಗುತ್ತದೆ, ಒಂದು ಮನೆಯ ದುಡಿಮೆಯನ್ನೂ ಉಳಿಸಿದಂತಾಗುತ್ತದೆ. ಊಹೆಯಿಂದ ಭಾಗಗಳನ್ನು ಬದಲಾಯಿಸುವವನು ಹಣವನ್ನು ಕಳೆದುಕೊಳ್ಳುತ್ತಾನೆ. ಸ್ಕ್ರೂಡ್ರೈವರಿನಿಂದ ಆತುರಪಡುವವನು ಪ್ರಾಣವನ್ನೇ ಕಳೆದುಕೊಳ್ಳಬಹುದು. ಬ್ಯಾಟರಿಯ ಕಂಬದಿಂದ ಹೊರಟು ಒಂದೊಂದು ಸಂಧಿಯನ್ನೂ ಅಳೆಯುತ್ತ ಸಾಗುವವನಿಗೆ, ಬಹಳ ಸಲ, ಒಂದು ಸ್ಪಾನರು ಮತ್ತು ಒಂದು ತುಂಡು ಉಪ್ಪುಕಾಗದದಲ್ಲಿಯೇ ಪರಿಹಾರ ದೊರೆಯುತ್ತದೆ.